ಕಾಲೇಜು ಶುರುವಾದ ದಿನವೇ ಹಾಸ್ಟೆಲ್ ಬಾಗಿಲೂ ತೆರೆಯಲಿ: ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಉನ್ನತ ಶಿಕ್ಷಣ ಸಚಿವರು, ಹಾಗೂ
ಸರ್ಕಾರಿ ವಿದ್ಯಾರ್ಥಿನಿಲಯಗಳ ಹೊಣೆ ಹೊತ್ತಿರುವ ಇಲಾಖೆಗಳ ಮಾನ್ಯ ಸಚಿವರು,
ಕರ್ನಾಟಕ ಸರ್ಕಾರ.

ವಿಷಯ: ಪದವಿ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ತರಗತಿ ಆರಂಭದ ದಿನವೇ ಹಾಸ್ಟೆಲ್ ಪ್ರವೇಶ ನೀಡುವ ಕುರಿತು.

ಮಾನ್ಯರೇ,

ನಾನು ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನವಳು. ಧಾರವಾಡದಲ್ಲಿ ಇತಿಹಾಸ ಮತ್ತು ಐಚ್ಛಿಕ ಕನ್ನಡ ಓದುತ್ತಿರುವ ಅಂತಿಮ ವರ್ಷದ ಬಿ.ಎ. ವಿದ್ಯಾರ್ಥಿನಿ. ಇರುವುದು ಸರ್ಕಾರಿ ಹಾಸ್ಟೆಲ್ಲಿನಲ್ಲಿ. ಅದಿಲ್ಲದಿದ್ದರೆ ನನ್ನ ಓದು ಪಿಯುಸಿಗೇ ನಿಲ್ಲುತ್ತಿತ್ತು. ಇದನ್ನು ಮೊದಲೇ ಹೇಳಲು ಕಾರಣವಿದೆ: ಹಾಸ್ಟೆಲ್ ಬಗ್ಗೆ ನಾವು ಬಾಯಿ ತೆರೆದರೆ ಸಾಕು, 'ಪುಕ್ಕಟೆ ಉಂಡು ಮೇಲೆ ಮಾತು ಬೇರೆ' ಎನ್ನುವವರಿದ್ದಾರೆ. ಸಾರು ನೀರಾಗಿದೆ, ಬಿಸಿನೀರು ಬರುತ್ತಿಲ್ಲ ಎಂಬ ತಕರಾರು ನಮ್ಮಲ್ಲೂ ಇವೆ. ಅವನ್ನು ವಾರ್ಡನ್ ಮೇಡಂ ಜೊತೆ ನಾವೇ ಗುದ್ದಾಡಿ ಬಗೆಹರಿಸಿಕೊಳ್ಳುತ್ತೇವೆ. ಅದಕ್ಕೆ ಸಚಿವರವರೆಗೆ ಬರಬೇಕಾಗಿಲ್ಲ. ನಾನು ಬರೆಯುತ್ತಿರುವುದು ಪ್ರತಿ ವರ್ಷ ಕಾಲೇಜು ಶುರುವಾದ ಮೇಲೂ ಹಾಸ್ಟೆಲ್ ಗೇಟಿನ ಹೊರಗೇ ಉಳಿಯುವವರ ಬಗ್ಗೆ.

ಸಂಗತಿ ಹೀಗಿದೆ. ಪದವಿಗೆ ಪ್ರವೇಶ ಆಗುತ್ತದೆ, ಶುಲ್ಕ ಕಟ್ಟುತ್ತಾರೆ, ಪಾಠ ಶುರುವಾಗುತ್ತದೆ. ಹಾಸ್ಟೆಲ್ ಅರ್ಜಿಗೆ ಕಾಲೇಜು ಸೇರಿದ ದಾಖಲೆ ಬೇಕು. ಅಂದರೆ ಅರ್ಜಿ ಹಾಕುವುದೇ ಕಾಲೇಜು ಸೇರಿದ ಮೇಲೆ. ಆಮೇಲೆ ದಾಖಲೆ ಪರಿಶೀಲನೆ, ಕೊನೆಯ ದಿನಾಂಕದ ವಿಸ್ತರಣೆ, ಮೆರಿಟ್ ಮತ್ತು ಪ್ರವರ್ಗವಾರು ಪಟ್ಟಿ, ಅದಕ್ಕೆ ಆಕ್ಷೇಪಣೆ, ಎರಡನೇ ಪಟ್ಟಿ. ನಾನು ಇಲ್ಲಿ ಕಂಡ ವರ್ಷಗಳಲ್ಲೆಲ್ಲ ಮೊದಲ ಪಟ್ಟಿ ಗೋಡೆಗೆ ಅಂಟುವ ಹೊತ್ತಿಗೆ ಮೊದಲ ಸೆಮಿಸ್ಟರಿನ ಪಾಠ ಬಹಳ ಮುಂದೆ ಹೋಗಿರುತ್ತದೆ. ಸೆಮಿಸ್ಟರ್ ಎಂದರೆ ಹೆಚ್ಚುಕಡಿಮೆ ನಾಲ್ಕು ತಿಂಗಳ ಪಾಠ. ಒಂದು ತಿಂಗಳು ತಪ್ಪಿದರೆ ಕಾಲು ಭಾಗ ಹೋದಂತೆಯೇ. ಬೀಗರು ಬಂದು ಎಲೆ ಮುಂದೆ ಕೂತ ಮೇಲೆ ಒಲೆಗೆ ಕಟ್ಟಿಗೆ ತರಲು ಹೊರಟ ಮನೆಯ ಹಾಗಿದೆ ಈ ವ್ಯವಸ್ಥೆ.

ಪಟ್ಟಿ ಬರುವವರೆಗೆ ಈ ಮಕ್ಕಳು ಎಲ್ಲಿರುತ್ತಾರೆ ಎಂದು ಯಾವ ಕಡತದಲ್ಲೂ ಬರೆದಿರುವುದಿಲ್ಲ. ನಾನು ಕಂಡಿದ್ದನ್ನು ಹೇಳುತ್ತೇನೆ.

ಕೈಯಲ್ಲಿ ಸ್ವಲ್ಪ ದುಡ್ಡಿರುವವರು ಸಪ್ತಾಪುರ, ಕಲ್ಯಾಣನಗರದ ಕಡೆ ಪಿಜಿ ಹುಡುಕುತ್ತಾರೆ. ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ರಾಜ್ಯದ ಮೂಲೆಮೂಲೆಯಿಂದ ಬಂದವರ ಜಂಗುಳಿ. ಒಂದು ಕಾಟಿಗೆ ನಾಲ್ವರು ಕಾಯುವ ಕಡೆ ಮಾಲೀಕರಿಗೆ ಬಿ.ಎ. ಮೊದಲ ವರ್ಷದ ಹುಡುಗಿ ಏಕೆ ಬೇಕು? 'ತಿಂಗಳ ಮಟ್ಟಿಗೆ ಆದ್ರ ಬ್ಯಾಡವ್ವಾ, ಡಿಪಾಜಿಟ್ ಕೊಟ್ಟು ವರ್ಷ ಇರ್ತೀಯಾ ಹೇಳು' ಎನ್ನುತ್ತಾರೆ. ಡಿಪಾಜಿಟ್ ಕೊಟ್ಟವರಿಗೆ, ಹಾಸ್ಟೆಲ್ ಸಿಕ್ಕ ಮೇಲೆ ಅದು ಪೂರ್ತಿ ವಾಪಸ್ ಬಂದದ್ದನ್ನು ನಾನಂತೂ ನೋಡಿಲ್ಲ. ಬಣ್ಣ ಬಳಿಸಿದ ಖರ್ಚು, ಕರೆಂಟ್ ಬಿಲ್ಲು, ನೋಟಿಸ್ ಕೊಡದೆ ಬಿಟ್ಟ ದಂಡ ಎಂದು ಕಳೆಯುತ್ತಾ ಹೋಗುತ್ತಾರೆ. ಅಪ್ಪ ಎತ್ತು ಮಾರಿಯೋ, ಸಂಘದಲ್ಲಿ ಸಾಲ ತೆಗೆದೋ ಕೊಟ್ಟ ದುಡ್ಡು ಅದು.

ಗಂಡುಮಕ್ಕಳಲ್ಲಿ ಕೆಲವರು ಖಾನಾವಳಿಯಲ್ಲಿ ಕೆಲಸಕ್ಕೆ ನಿಲ್ಲುತ್ತಾರೆ. ನನ್ನ ತರಗತಿಯಲ್ಲೇ ಇದ್ದ ಲಿಂಗಸೂಗೂರು ಕಡೆಯ ಹುಡುಗನೊಬ್ಬ ಮೊದಲ ಸೆಮಿಸ್ಟರಿನ ಬಹುಪಾಲು ಕಳೆದದ್ದು ಹಾಗೆ. ಸಂಜೆಯಿಂದ ರಾತ್ರಿ ಕೊನೆಯ ಗಿರಾಕಿ ಏಳುವವರೆಗೆ ಬಡಿಸುವುದು, ಮಲಗುವುದು ಅಲ್ಲೇ ಟೇಬಲ್ ಸರಿಸಿ. ಊಟಕ್ಕೆ ಕೊರತೆ ಇರಲಿಲ್ಲ ಎಂದು ಅವನೇ ನಗುತ್ತಾ ಹೇಳುತ್ತಿದ್ದ. ಬೆಳಗಿನ ಮೊದಲ ಪಿರಿಯಡ್ಡಿಗೆ ಮಾತ್ರ ಅವನು ಬಂದದ್ದು ಕಡಿಮೆ.

ನೂರು ಕಿಲೋಮೀಟರಿನ ಒಳಗಿನವರು ಬಸ್ಸು ಹತ್ತುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಅದರಿಂದ ಎಷ್ಟೋ ಮಂದಿ ಕಾಲೇಜು ಬಿಡದೆ ಉಳಿದರು, ಆ ಉಪಕಾರ ನಾವು ಮರೆತಿಲ್ಲ. ಆದರೆ ಟಿಕೆಟ್ ಪುಕ್ಕಟೆ ಆದರೂ ಹೊತ್ತು ಪುಕ್ಕಟೆ ಅಲ್ಲವಲ್ಲ. ನಸುಕಿನಲ್ಲಿ ಮನೆ ಬಿಟ್ಟು ಕತ್ತಲಾದ ಮೇಲೆ ಮುಟ್ಟುವ ಹುಡುಗಿ ಓದುವುದು ಯಾವಾಗ? ಸವದತ್ತಿ ಕಡೆಯ ತಾಯಂದಿರು ರೊಟ್ಟಿ ಬುತ್ತಿಯನ್ನು ಬೆಳಗಿನ ಬಸ್ಸಿಗಿಟ್ಟು ಕಳಿಸುವುದು, ಇಲ್ಲಿ ಮಕ್ಕಳು ಬಸ್‌ ನಿಲ್ದಾಣಕ್ಕೆ ಹೋಗಿ ತಮ್ಮ ತಮ್ಮ ಡಬ್ಬಿ ಗುರುತು ಹಿಡಿದು ತೆಗೆದುಕೊಳ್ಳುವುದು ನಮ್ಮ ಭಾಗದಲ್ಲಿ ಹಳೆಯ ರೂಢಿ. ಅದನ್ನು ಪತ್ರಿಕೆಯವರು ಆಗಾಗ ಫೋಟೊ ಹಾಕಿ ಹೊಗಳುತ್ತಾರೆ. ನನಗೆ ಹೊಗಳಬೇಕೆನ್ನಿಸುವುದಿಲ್ಲ. ಕುಷ್ಟಗಿಯಿಂದ, ಸುರಪುರದಿಂದ ಬುತ್ತಿ ಬರುವ ಹೊತ್ತಿಗೆ ಪಲ್ಯ ಹಳಸಿರುತ್ತದೆ.

ಇನ್ನು ಉಳಿದವರು ನಮ್ಮ ಕೋಣೆಗೆ ಬರುತ್ತಾರೆ. ಹಾಸ್ಟೆಲ್ಲುಗಳಲ್ಲಿ ಇವರಿಗೆ 'ಪ್ಯಾರಾಸೈಟ್' ಅನ್ನುತ್ತಾರೆ, ಅಷ್ಟು ಸಲೀಸಾಗಿ. ಊರ ಕಡೆಯ ಅಕ್ಕನ ಕೋಣೆಯಲ್ಲಿ ಎರಡು ಕಾಟಿನ ನಡುವೆ ಚಾದರ ಹಾಸಿಕೊಂಡು ಮಲಗುವುದು, ಅಕ್ಕ ತಟ್ಟೆಯಲ್ಲಿ ಹೆಚ್ಚಿಗೆ ಹಾಕಿಸಿಕೊಂಡು ತಂದದ್ದನ್ನು ಉಣ್ಣುವುದು, ತಪಾಸಣೆ ಎಂದರೆ ಟ್ರಂಕು ಎತ್ತಿಕೊಂಡು ಹಿತ್ತಲ ಕಡೆ ಓಡುವುದು. ಊರಲ್ಲಿ ಪಿಯುಸಿಯಲ್ಲಿ ಕಾಲೇಜಿಗೇ ಮೊದಲಿಗಳಾಗಿ ಹಾರ ಹಾಕಿಸಿಕೊಂಡ ಹುಡುಗಿ ಇಲ್ಲಿ ಮೊದಲ ವಾರವೇ ಕಳ್ಳಿಯ ಹಾಗೆ ನಡೆಯುವುದನ್ನು ಕಲಿಯುತ್ತಾಳೆ. ಸೆಕ್ಯೂರಿಟಿ ಅಜ್ಜ ಕೇಳಿದರೆ 'ಅಕ್ಕಾರ್ನ ಭೆಟ್ಟಿ ಆಗಾಕ ಬಂದೇನ್ರಿ' ಎನ್ನಬೇಕು. ಸಂಜೆಯಾದರೆ ಅದೇ ಪ್ರಶ್ನೆ: 'ಅಕ್ಕಾರ, ಲಿಸ್ಟ್ ಯಾವಾಗ ಬಿಡ್ತಾರ್ರೀ?'

ಇಲ್ಲೊಂದು ಮಾತನ್ನು ನೀವು ಗಮನಿಸಬೇಕು. ರ‍್ಯಾಗಿಂಗ್ ತಡೆಗೆ ಯುಜಿಸಿ 2009ರಲ್ಲಿ ಮಾಡಿದ ನಿಯಮಾವಳಿಯ ಪ್ರಕಾರ ಹೊಸಬರಿಗೆ ಸಾಧ್ಯವಾದಷ್ಟೂ ಬೇರೆ ವಸತಿ ಕೊಡಬೇಕು, ಕೊಡಲಾಗದಿದ್ದರೆ ಸೀನಿಯರ್‌ಗಳು ಹೊಸಬರ ಕೋಣೆಗೆ ಹೋಗಿಬರುವುದರ ಮೇಲೆ ವಾರ್ಡನ್ ನಿಗಾ ಇಡಬೇಕು. ಸಹಾಯವಾಣಿಯ 1800-180-5522 ಎಂಬ ಸಂಖ್ಯೆ ನಮ್ಮ ಕಾಲೇಜಿನ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿದೆ. ಸೀನಿಯರ್ ಕೋಣೆಯಲ್ಲಿ ಕದ್ದು ಇರುವ ಹುಡುಗಿ ಆ ನಂಬರಿಗೆ ಫೋನ್ ಮಾಡುತ್ತಾಳೆಯೇ? ಬಟ್ಟೆ ಒಗೆ ಅಂದರೆ ಒಗೆಯುತ್ತಾಳೆ, ರೆಕಾರ್ಡ್ ಬರೆ ಅಂದರೆ ಬರೆಯುತ್ತಾಳೆ. ಎಲ್ಲ ಅಕ್ಕಂದಿರೂ ಕೆಟ್ಟವರಲ್ಲ, ಬಹುಪಾಲು ಮಂದಿ ತಮ್ಮ ಊಟದಲ್ಲಿ ಅರ್ಧ ಕೊಡುವವರೇ. ಆದರೆ ಇವಳು ಅಲ್ಲಿರುವುದೇ ನಿಯಮಬಾಹಿರವಾದಾಗ, ಇವಳ ಮೇಲೆ ಏನು ನಡೆದರೂ ದೂರು ಕೊಡುವ ಹಾದಿಯನ್ನು ವ್ಯವಸ್ಥೆಯೇ ಮುಚ್ಚಿದಂತಾಯಿತು.

ಇನ್ನು ಅರ್ಜಿಯ ಮಾತು. ಆನ್‌ಲೈನ್ ಆದ ಮೇಲೆ ಸಲೀಸಾಯಿತು ಎನ್ನುತ್ತಾರೆ. ಯಲಬುರ್ಗಾ ಕಡೆಯ ತಾಂಡಾದ ಹುಡುಗಿಯೊಬ್ಬಳ ಅರ್ಜಿಯನ್ನು ನಾನು ಪಕ್ಕದಲ್ಲಿ ಕೂತು ತುಂಬಿಸಿದೆ. ಆಧಾರ್ ಕಾರ್ಡಿಗೆ ಜೋಡಿಸಿದ್ದು ಅಪ್ಪನ ಮೊಬೈಲ್ ನಂಬರು. ಅಪ್ಪ ಅವ್ವ ಇಬ್ಬರೂ ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ದುಡಿಯಲು ಹೋಗಿದ್ದರು. ಒಟಿಪಿ ಅಲ್ಲಿಗೆ ಹೋಗುತ್ತದೆ. ಅಪ್ಪನಿಗೆ ಓದಲು ಬಾರದು. ಮೇಸ್ತ್ರಿಗೆ ತೋರಿಸಿ ಅವನು ಓದಿ ಹೇಳುವಷ್ಟರಲ್ಲಿ ಅವಧಿ ಮುಗಿಯುತ್ತದೆ. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಅಡ್ಡಹೆಸರು ಇದೆ, ಆಧಾರ್ ಕಾರ್ಡಿನಲ್ಲಿ ಇಲ್ಲ. ಹಾಗಾಗಿ ಪೋರ್ಟಲ್ ಒಪ್ಪುವುದಿಲ್ಲ. ಆದಾಯ ಪ್ರಮಾಣಪತ್ರ ಹೊಸದು ಬೇಕೆಂದು ನಾಡಕಚೇರಿಗೆ ಹೋದರೆ ಅಲ್ಲಿ ಸರ್ವರ್ ಇರುವುದಿಲ್ಲ. ಇಷ್ಟೆಲ್ಲ ಆಗಿ ಅರ್ಜಿ ಸಲ್ಲಿಕೆಯಾದ ಮೇಲೆ, ಅದರ ಪ್ರಿಂಟ್ ಜೊತೆಗೆ ಎಲ್ಲ ದಾಖಲೆಗಳ ಜೆರಾಕ್ಸ್ ಸೆಟ್ ತಂದು ಕೊಡಿ ಎಂದರು. ಆನ್‌ಲೈನ್ ಮಾಡಿದ್ದು ಯಾತಕ್ಕೆ ಎಂದು ಕೇಳುವ ಧೈರ್ಯ ಅವಳಿಗೆ ಇರಲಿಲ್ಲ. ನನಗಿತ್ತು, ಕೇಳಿದೆ. 'ಮ್ಯಾಲಿಂದ ಹಂಗ ಹೇಳ್ಯಾರವ್ವಾ, ನಮ್ಮ ಕೈಯಾಗ ಏನೈತಿ' ಎಂದರು. ಆ ಸಿಬ್ಬಂದಿಯ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬರೇ ವಾರ್ಡನ್‌ಗೆ ಎರಡು ಮೂರು ಹಾಸ್ಟೆಲ್ಲಿನ ಪ್ರಭಾರ ಹೊರಿಸಿದರೆ ಅವರಾದರೂ ಏನು ಮಾಡಿಯಾರು.

ಆ ಹುಡುಗಿ ಪಟ್ಟಿ ಬರುವ ಮುಂಚೆ ಪಂಚಮಿಗೆ ಊರಿಗೆ ಹೋದಳು. ನಮ್ಮ ಕಡೆ ನಾಗರ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಜೋಕಾಲಿ, ಉಂಡಿ, ತವರಿಗೆ ಬಂದವರ ಗದ್ದಲ. ಗೋವಾದಿಂದ ಅಪ್ಪ ಅವ್ವನೂ ಬಂದಿದ್ದರಂತೆ. 'ಉಳಕೊಳ್ಳಾಕ ಜಾಗ ಇಲ್ಲಂದ್ರ ಯಾಕ ಹೋಗ್ತಿ' ಎಂದು ಹಿರಿಯರು ಕೇಳಿದ ಪ್ರಶ್ನೆಗೆ ಅವಳ ಹತ್ತಿರ ಉತ್ತರ ಇರಲಿಲ್ಲ. ದಸರೆಯ ಹೊತ್ತಿಗೆ ನಿಶ್ಚಿತಾರ್ಥ ಆಯಿತು. ಎರಡನೇ ಪಟ್ಟಿಯಲ್ಲಿ ಅವಳ ಹೆಸರಿತ್ತು. 'ಹಾಜರಾಗಿಲ್ಲ' ಎಂದು ಬರೆದು ಆ ಸೀಟನ್ನು ಮುಂದಿನವರಿಗೆ ಕೊಟ್ಟರು. ನಿಮ್ಮ ಇಲಾಖೆಗಳ ಲೆಕ್ಕದಲ್ಲಿ ಅವಳು ಹಾಸ್ಟೆಲ್ ಸೌಲಭ್ಯ ನಿರಾಕರಿಸಿದವಳು. ಕಾಲೇಜಿನ ಲೆಕ್ಕದಲ್ಲಿ ಹಾಜರಾತಿ ಕೊರತೆಯವಳು. ಎರಡೂ ಲೆಕ್ಕ ನಿಯಮದ ಪ್ರಕಾರ ಸರಿಯಾಗಿಯೇ ಇವೆ.

ಈಗ ಸ್ವಲ್ಪ ವಾದ ಮಾಡುತ್ತೇನೆ, ಕ್ಷಮೆ ಇರಲಿ. ಪಿಯುಸಿ ಫಲಿತಾಂಶ 2024ರಲ್ಲಿ ಏಪ್ರಿಲ್ 10ಕ್ಕೆ ಬಂತು, 2025ರಲ್ಲಿ ಏಪ್ರಿಲ್ 8ಕ್ಕೆ. ವರ್ಷದ ಮೊದಲ ಪರೀಕ್ಷೆಯಾದ ಪರೀಕ್ಷೆ-1ರಲ್ಲಿ ತೇರ್ಗಡೆಯಾದ ಪ್ರತಿ ವಿದ್ಯಾರ್ಥಿಯ ಅಂಕ, ಊರು, ಓದಿದ ಕಾಲೇಜು ಎಲ್ಲವೂ ಆ ದಿನವೇ ಸರ್ಕಾರದ ಹತ್ತಿರ ಇರುತ್ತದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಹಾಕಿದರೆ ವಿವರ ತೆರೆದುಕೊಳ್ಳುತ್ತದೆ. ಅವರಲ್ಲಿ ಎಷ್ಟೋ ಮಂದಿ ಪಿಯುಸಿಯಲ್ಲೂ ಸರ್ಕಾರಿ ಹಾಸ್ಟೆಲ್ಲಿನಲ್ಲೇ ಇದ್ದವರು, ಅವರ ದಾಖಲೆ ಆಗಲೇ ಒಮ್ಮೆ ಪರಿಶೀಲನೆಯಾಗಿದೆ. ಏಪ್ರಿಲ್‌ನಿಂದ ಪದವಿ ತರಗತಿ ಶುರುವಾಗುವವರೆಗೆ ತಿಂಗಳುಗಳೇ ಇವೆ. ಆ ತಿಂಗಳುಗಳಲ್ಲಿ ಅರ್ಜಿಯೂ ಕರೆಯದೆ, ಮಕ್ಕಳು ಟ್ರಂಕು ಹೊತ್ತು ಬಂದಿಳಿದ ಮೇಲೆ ಶುರು ಮಾಡುವ ಕೆಲಸಕ್ಕೆ 'ಪ್ರಕ್ರಿಯೆ' ಎಂದು ಹೆಸರಿಟ್ಟರೆ ನಾವು ಹೇಗೆ ಒಪ್ಪುವುದು?

ಆಗುವುದಿಲ್ಲ ಎನ್ನುವ ಉತ್ತರ ಮಾತ್ರ ಬೇಡ. ನಮ್ಮ ಕಣ್ಣೆದುರೇ ದೊಡ್ಡ ದೊಡ್ಡ ಬದಲಾವಣೆ ಆಗಿವೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಬಂತು. ಅದೇ ವರ್ಷ ಎಲ್ಲ ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ಯುಯುಸಿಎಂಎಸ್ ಎಂಬ ಒಂದೇ ಪೋರ್ಟಲ್ ಬಂತು. 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ನನ್ನ ಬ್ಯಾಚಿಗೆ ಒಂದು ಪಠ್ಯಕ್ರಮ, ನನ್ನ ಹಿಂದೆಯೇ ಬಂದವರಿಗೆ ಇನ್ನೊಂದು. ಇಡೀ ರಾಜ್ಯದ ಪದವಿಯ ಚೌಕಟ್ಟನ್ನು ನಾಲ್ಕು ವರ್ಷದೊಳಗೆ ಎರಡು ಸಲ ಕೆಡವಿ ಕಟ್ಟಲು ಸಾಧ್ಯವಾದ ಸರ್ಕಾರಗಳಿಗೆ ಹಾಸ್ಟೆಲ್ ಅರ್ಜಿಯನ್ನು ಕೆಲವು ತಿಂಗಳು ಮೊದಲೇ ಕರೆಯುವುದು ಕಷ್ಟವೇ? ಅಡಚಣೆ ನನಗೆ ಕಾಣುವುದು ಒಂದೇ. ಕಾಲೇಜು ಒಂದು ಇಲಾಖೆಯದು. ಹಾಸ್ಟೆಲ್ಲುಗಳು ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಕಲ್ಯಾಣ ಎಂದು ಬೇರೆ ಬೇರೆ ಇಲಾಖೆಗಳಲ್ಲಿ ಹಂಚಿಹೋಗಿವೆ. ಒಬ್ಬರ ಕ್ಯಾಲೆಂಡರ್ ಇನ್ನೊಬ್ಬರ ಮೇಜಿನ ಮೇಲೆ ಇಲ್ಲ. ಅದಕ್ಕೇ ಈ ಪತ್ರವನ್ನು ಒಬ್ಬ ಸಚಿವರಿಗೆ ಬರೆಯದೆ ಎಲ್ಲರಿಗೂ ಕೂಡಿಯೇ ಬರೆಯುತ್ತಿದ್ದೇನೆ.

ಇತಿಹಾಸದ ವಿದ್ಯಾರ್ಥಿನಿ ಆದ್ದರಿಂದ ಒಂದು ಹಳೆಯ ಮಾತು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾಗುವ ತನಕ ಈ ಭಾಗದವರು ಕಾಲೇಜು ಓದಲು ಪುಣೆ, ಮುಂಬಯಿಗೆ ಹೋಗಬೇಕಿತ್ತು. ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರಂಥವರು ಓಡಾಡಿ ದುಡ್ಡು ಕೂಡಿಸಿದ್ದರಿಂದ ಕಾಲೇಜು ಇಲ್ಲಿಗೇ ಬಂತು. ಆದರೆ ಕಾಲೇಜು ಬಂದ ಮಾತ್ರಕ್ಕೆ ಹಳ್ಳಿಯ ಬಡ ಹುಡುಗ ಓದಲು ಆಗುತ್ತಿರಲಿಲ್ಲ. ವಾರಕ್ಕೆ ಏಳು ಮನೆ ಹಿಡಿದು ವಾರಾನ್ನ ಉಂಡು ಓದಿದವರ ಕತೆ ನಮ್ಮ ಹಿರಿಯ ಸಾಹಿತಿಗಳ ಆತ್ಮಕತೆಗಳ ತುಂಬ ಇವೆ. ಆ ಏಳು ಮನೆಯ ಬಾಗಿಲೂ ಎಲ್ಲ ಜಾತಿಯವರಿಗೆ ತೆರೆಯುತ್ತಿರಲಿಲ್ಲ. ಮುರುಘಾಮಠದಂಥ ಮಠಗಳು ಪ್ರಸಾದ ನಿಲಯ ನಡೆಸಿದ್ದು, ಜಾತಿ ಸಂಘಗಳು ಬೋರ್ಡಿಂಗ್ ಕಟ್ಟಿದ್ದು, ಆಮೇಲೆ ದೇವರಾಜ ಅರಸರ ಕಾಲದಲ್ಲಿ, ಹಾವನೂರು ಆಯೋಗದ 1975ರ ವರದಿಯ ಹೊತ್ತಿಗೆ, ಹಿಂದುಳಿದವರ ಓದು ಸರ್ಕಾರದ ಹೊಣೆ ಎಂಬುದು ಗಟ್ಟಿಯಾದದ್ದು, ಎಲ್ಲವೂ ಒಂದೇ ತಿಳಿವಳಿಕೆಯಿಂದ: ಸೀಟು ಕೊಟ್ಟರೆ ಸಾಲದು, ಮಲಗಲು ಜಾಗ, ಹೊಟ್ಟೆಗೆ ಅನ್ನ ಜೊತೆಗೇ ಕೊಡಬೇಕು.

ಡಾ. ಬಿ.ಆರ್. ಅಂಬೇಡ್ಕರ್ ಅವರು 1928ರಲ್ಲಿ ಸ್ಥಾಪಿಸಿದ ಶಿಕ್ಷಣ ಸಂಸ್ಥೆಯ ವಿದ್ಯಾರ್ಥಿನಿಲಯಗಳಲ್ಲಿ ಒಂದು ಇದೇ ಧಾರವಾಡದಲ್ಲಿತ್ತು. ಬಲವಂತರಾವ್ ವರಾಳೆ ಅದರ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಅಂಬೇಡ್ಕರ್ ಅವರ ಪತ್ನಿ ರಮಾಬಾಯಿಯವರು ವರಾಳೆಯವರ ಮನೆಗೆ ಬಂದು ಇದ್ದಾಗ, ಸರ್ಕಾರದ ಅನುದಾನ ತಡವಾಗಿ ಹಾಸ್ಟೆಲ್ಲಿನ ಮಕ್ಕಳು ಉಪವಾಸ ಬಿದ್ದದ್ದನ್ನು ಕಂಡು ಕೈಯ ಬಳೆ ಬಿಚ್ಚಿಕೊಟ್ಟು ರೇಷನ್ ತರಿಸಿದರು ಎಂದು ಇಲ್ಲಿ ಈಗಲೂ ಹೇಳುತ್ತಾರೆ. ಪ್ರತಿ ಏಪ್ರಿಲ್ 14ರಂದು ನಮ್ಮ ಹಾಸ್ಟೆಲ್ಲಿನಲ್ಲಿ ಈ ಕತೆಯನ್ನು ಯಾರಾದರೊಬ್ಬ ಅಧಿಕಾರಿ ಭಾಷಣದಲ್ಲಿ ಹೇಳಿ ಚಪ್ಪಾಳೆ ತೆಗೆದುಕೊಳ್ಳುತ್ತಾರೆ. ನಾನು ಕೇಳಿಸಿಕೊಳ್ಳುವುದು ಆ ಕತೆಯ ಇನ್ನೊಂದು ಅರ್ಧವನ್ನು: ಅನುದಾನ ತಡವಾಗಿತ್ತು. ಅಂದು ಸರ್ಕಾರ ಪರದೇಶದವರದು.

ಆದ್ದರಿಂದ ನಮ್ಮ ಕೋರಿಕೆಗಳನ್ನು ದಯವಿಟ್ಟು ಗಮನಿಸಿ. ಪಿಯುಸಿ ಪರೀಕ್ಷೆ-1ರ ಫಲಿತಾಂಶ ಬಂದ ಕೂಡಲೇ ಹಾಸ್ಟೆಲ್ ಅರ್ಜಿ ಕರೆಯಿರಿ. ಯಾವ ಊರಿನಲ್ಲಿ ಓದಬೇಕೆಂದಿದ್ದೇನೆ ಎಂದು ವಿದ್ಯಾರ್ಥಿ ಎರಡು ಮೂರು ಆಯ್ಕೆ ಬರೆಯಲಿ. ಅಂಕಪಟ್ಟಿಯ ಮೇಲೆ ತಾತ್ಕಾಲಿಕ ಸೀಟು ಹಂಚಿ. ಕಾಲೇಜು ಪ್ರವೇಶ ಆದ ಮೇಲೆ ಅದು ಕಾಯಂ ಆಗಲಿ, ಆಗದಿದ್ದರೆ ತಾನಾಗಿಯೇ ರದ್ದಾಗಲಿ. ಅದರ ನಂತರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಬರುವವರಿಗೆ ಒಂದಿಷ್ಟು ಸೀಟು ತೆಗೆದಿಡಿ. ಅವರೂ ನಮ್ಮವರೇ, ಮತ್ತು ಅವರಲ್ಲೇ ಹೊಲದ ಕೆಲಸ ಮಾಡಿಕೊಂಡು ಓದಿದವರು ಹೆಚ್ಚು.

ಇದಕ್ಕೆ ನಿಯಮ ತಿದ್ದಲು ಹೊತ್ತು ಬೇಕಾದೀತು. ಅಲ್ಲಿಯವರೆಗೆ ಒಂದು ಸುತ್ತೋಲೆಯಿಂದ ಆಗುವ ಕೆಲಸವಿದೆ. ಅಂತಿಮ ವರ್ಷದವರು ಬಿಟ್ಟುಹೋದ ಕೋಣೆಗಳು ಪಟ್ಟಿ ಬರುವವರೆಗೆ ಬೀಗ ಹಾಕಿಯೇ ಇರುತ್ತವೆ, ನಾವು ದಿನಾ ಅವುಗಳ ಮುಂದೆಯೇ ಓಡಾಡುತ್ತೇವೆ. ಕಾಲೇಜು ಪ್ರವೇಶದ ರಸೀದಿ ತೋರಿಸಿದ ಹೊಸ ವಿದ್ಯಾರ್ಥಿಗಳನ್ನು, ಅದರಲ್ಲೂ ಬೇರೆ ಜಿಲ್ಲೆಯಿಂದ ಬಂದ ಹೆಣ್ಣುಮಕ್ಕಳನ್ನು, ಆ ಕೋಣೆಗಳಲ್ಲಿ ಊಟದ ಸಮೇತ ಇರಿಸಿಕೊಳ್ಳಲು ವಾರ್ಡನ್‌ಗಳಿಗೆ ಲಿಖಿತ ಅಧಿಕಾರ ಕೊಡಿ. ಹೆಸರು ರಿಜಿಸ್ಟರಿನಲ್ಲಿ ಇರಲಿ. ಪಟ್ಟಿಯಲ್ಲಿ ಹೆಸರು ಬಾರದಿದ್ದರೆ ಬೇರೆ ಏರ್ಪಾಡಿಗೆ ಹದಿನೈದು ದಿನ ಕೊಡಿ. ಕದ್ದು ಇರುವವರು ಹೇಗೂ ಇದ್ದಾರೆ. ಲೆಕ್ಕದಲ್ಲಿ ಇರಲಿ ಎನ್ನುವುದಷ್ಟೇ ನಮ್ಮ ಮಾತು.

ಪಟ್ಟಿಗಾಗಿ ಕಾದ ದಿನಗಳನ್ನು ಶೇ 75ರ ಹಾಜರಾತಿ ಲೆಕ್ಕದಿಂದ ಬಿಡುವಂತೆ ಕಾಲೇಜುಗಳಿಗೆ ತಿಳಿಸಬೇಕು. ಹಾಸ್ಟೆಲ್ ಸಿಗದೇ ಹೋದವರಿಗೆಂದು 2013ರಿಂದ ವಿದ್ಯಾಸಿರಿ ಇದೆ. ತಿಂಗಳಿಗೆ 1500 ರೂಪಾಯಿಯಂತೆ ಹತ್ತು ತಿಂಗಳಿಗೆ ಎಂದು ಶುರುವಾದ ಯೋಜನೆ ಅದು. ನನ್ನ ಗೆಳತಿಯರಿಗೆ ಆ ಹಣ ಬಂದದ್ದು ವರ್ಷದ ಕೊನೆಗೆ, ಬಾಡಿಗೆ ಸಾಲಕ್ಕೆ ಬಡ್ಡಿ ಬೆಳೆದ ಮೇಲೆ. ಮೊದಲ ಕಂತಾದರೂ ಮೊದಲ ತಿಂಗಳಲ್ಲೇ ಬರುವಂತೆ ಮಾಡಿ. ಒಟಿಪಿ ತೊಂದರೆ ಇರುವವರಿಗೆ ಬೆರಳಚ್ಚಿನ ಮೂಲಕ ಅರ್ಜಿ ಪೂರ್ಣಗೊಳಿಸುವ ಒಂದು ಕೌಂಟರ್ ಪ್ರತಿ ಪದವಿ ಕಾಲೇಜಿನಲ್ಲಿ ಪ್ರವೇಶದ ದಿನಗಳಲ್ಲಿ ಇರಲಿ, ಅದಕ್ಕೆ ಬೇಕಾದ ಯಂತ್ರ ಗ್ರಾಮ ಒನ್ ಕೇಂದ್ರಗಳಲ್ಲಿ ಇರುವಂಥದ್ದೇ. ಜೆರಾಕ್ಸ್ ಸೆಟ್ ಕೇಳುವುದನ್ನು ನಿಲ್ಲಿಸಿ.

ಈ ಎಲ್ಲದಕ್ಕೂ ಮೊದಲು, ನೀವೆಲ್ಲ ಒಮ್ಮೆ ಒಂದೇ ಮೇಜಿಗೆ ಕೂತು ಮುಂದಿನ ಶೈಕ್ಷಣಿಕ ವರ್ಷದ ಎರಡು ದಿನಾಂಕಗಳನ್ನು, ತರಗತಿ ಆರಂಭದ್ದು ಮತ್ತು ಹಾಸ್ಟೆಲ್ ಪ್ರವೇಶದ್ದು, ಒಂದೇ ಆದೇಶದಲ್ಲಿ ಪ್ರಕಟಿಸಿ. ಬೇಸಿಗೆಯೊಳಗೆ ಅದು ಹೊರಬಿದ್ದರೆ ನಮ್ಮ ಊರಿನ ಪಿಯು ಕಾಲೇಜಿನ ನೋಟಿಸ್ ಬೋರ್ಡಿಗೆ ಅದನ್ನು ಹಚ್ಚುವ ಕೆಲಸ ನಾನೇ ಮಾಡುತ್ತೇನೆ. ಈ ವರ್ಷ ಅಲ್ಲಿಂದ ಪರೀಕ್ಷೆ ಬರೆಯುವವರಲ್ಲಿ ನನ್ನ ತಂಗಿಯೂ ಇದ್ದಾಳೆ.

ಹೆಸರು ಬರೆಯದಿರುವುದಕ್ಕೆ ಮನ್ನಿಸಿ. ಹಾಸ್ಟೆಲ್ಲಿನಲ್ಲಿ ನಾನು ಇನ್ನೂ ಒಂದು ಸೆಮಿಸ್ಟರ್ ಇರಬೇಕಿದೆ.

ಇತಿ ತಮ್ಮ ವಿಶ್ವಾಸಿ,
ಅಂತಿಮ ವರ್ಷದ ಬಿ.ಎ. ವಿದ್ಯಾರ್ಥಿನಿ,
ಧಾರವಾಡ